ಬೆಳ್ಳಿ ತಗಡು ಒರೆಸಿದ ಕೈ

ಒಂದು ಗಾಜಿನ ಗಂಟೆಯೊಳಗಿನ ಗಾಳಿಯನ್ನು ಹೊರಗೆ ಹಾಕುವುದು, ಕೆಲಸ ಮುಗಿದ ಮೇಲೆ ಮತ್ತೆ ಒಳಗೆ ಬಿಡುವುದು. ಇಪ್ಪತ್ತೊಂಬತ್ತು ವರ್ಷ ನಾನು ಸಂಬಳ ತೆಗೆದುಕೊಂಡದ್ದು ಇದಕ್ಕೆ. ಕೊಯಮತ್ತೂರಿನ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ನಾನು ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಈಚೆಗೆ ನಮ್ಮ ಬಂಧುಗಳ ಪೈಕಿ ಒಬ್ಬ ಹುಡುಗಿ ಮೈಸೂರಿನಲ್ಲಿ ಇಂಥದೇ ಕೆಲಸಕ್ಕೆ ಸೇರಿದಳು. ‘ಮಾವ, ಮೊದಲು ಏನು ಕಲೀಬೇಕು?’ ಎಂದು ಫೋನಿನಲ್ಲಿ ಕೇಳಿದಳು. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಮಾತು ಕನ್ನಡವಾದರೂ ಅದರ ಅಕ್ಷರ ನನಗೆ ಗೊತ್ತಿರಲಿಲ್ಲ. ಚಾಮರಾಜನಗರದ ಕಡೆಯಿಂದ ಬಂದ ನನ್ನ ಹೆಂಡತಿ ಕಲಿಸಿದಳು. ನನಗೆ ಯಾವಾಗ ಕೆಲಸ ಖಾಯಂ ಆಯಿತು, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಅಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲು ಯಂತ್ರ. ಮೊಣಕಾಲೆತ್ತರದ ಕಬ್ಬಿಣದ ಪೀಠ, ಅದರ ಮೇಲೆ ಬೋರಲು ಹಾಕಿದ ದಪ್ಪ ಗಾಜಿನ ಗಂಟೆ. ಪೀಠದ ಕೆಳಗೆ ಎರಡು ಪಂಪು. ಒಂದು ತಿರುಗುವ ಪಂಪು, ಇನ್ನೊಂದು ಬಿಸಿ ಎಣ್ಣೆಯ ಆವಿಯಿಂದ ಗಾಳಿಯನ್ನು ಕೆಳಕ್ಕೆ ತಳ್ಳುವ ಪಂಪು. ಗಂಟೆಯೊಳಗೆ ದೋಣಿಯಾಕಾರದ ಒಂದು ಸಣ್ಣ ಲೋಹದ ತಟ್ಟೆ. ಅದರಲ್ಲಿ ಚಿಟಿಕೆ ಪುಡಿ ಹಾಕಿ ಕರೆಂಟು ಬಿಟ್ಟರೆ ತಟ್ಟೆ ಕೆಂಪಗಾಗುವ ಮೊದಲೇ ಪುಡಿ ಆವಿಯಾಗುತ್ತದೆ. ಕರಗುವುದಿಲ್ಲ, ಕರ್ಪೂರದ ಹಾಗೆ ನೇರವಾಗಿ ಹೊಗೆಯಾಗಿ ಏಳುತ್ತದೆ. ಮೇಲೆ ಕಟ್ಟಿದ ಲೋಹದ ತಗಡಿಗೆ ಹೋಗಿ ಅಂಟುತ್ತದೆ. ಗಾಳಿ ಇದ್ದರೆ ದಾರಿಯಲ್ಲೇ ಚದುರಿಹೋಗುತ್ತದೆ. ಅದಕ್ಕೇ ಗಾಳಿ ತೆಗೆಯುವುದು.

ಎಣ್ಣೆ ಬಿಸಿಯಿರುವಾಗ ಗಂಟೆಗೆ ಗಾಳಿ ಬಿಟ್ಟರೆ ಎಣ್ಣೆ ಸುಡುತ್ತದೆ. ಸೇರಿದ ಎರಡನೇ ತಿಂಗಳಲ್ಲೇ ನಾನು ಅದನ್ನು ಮಾಡಿದೆ. ವಾಸನೆ ಮೂರು ಕೋಣೆ ದಾಟಿ ಪ್ರೊಫೆಸರ್ ಕೋಣೆಗೆ ಹೋಯಿತು. ಅವರು ಬಂದು ಬಾಗಿಲಲ್ಲಿ ನಿಂತು ಮೂಗು ಏರಿಸಿ, ‘ಏನಪ್ಪಾ ರಾಮಲಿಂಗಂ, ಬೋಂಡಾ ಆಯಿತಾ? ನಮಗೂ ಎರಡು ಇಡು’ ಎಂದರು. ಬೈಯಲಿಲ್ಲ. ಪಂಪು ಪೂರ್ತಿ ಬಿಚ್ಚಿ ತೊಳೆದು ಕಟ್ಟಲು ನನಗೆ ಮೂರು ದಿನ ಹಿಡಿಯಿತು, ಮೂರೂ ದಿನ ಅವರು ದಾರಿಯಲ್ಲಿ ಹೋಗುವಾಗೆಲ್ಲ ‘ಚಟ್ನಿ ಇದೆಯಾ?’ ಎಂದು ಕೇಳಿ ಹೋದರು. ಅವರು ಮಾತಾಡುತ್ತಿದ್ದದ್ದು ತಮಿಳು. ನನಗೆ ನೆನಪಿರುವಷ್ಟನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಎಣ್ಣೆಯ ಆವಿ ಗಂಟೆಯೊಳಕ್ಕೆ ಏರದಂತೆ ತಡೆಯಲು ದ್ರವ ಸಾರಜನಕ ಬೇಕಿತ್ತು. ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿನ ಸರಕು. ಆ ಕಾಲದಲ್ಲಿ ನಮ್ಮ ಊರಿನಲ್ಲಿ ಅದು ಸುಲಭವಾಗಿ ಸಿಗುತ್ತಿದ್ದದ್ದು ಹೋರಿಯ ವೀರ್ಯವನ್ನು ತಣ್ಣಗಿಟ್ಟು ಹಸುಗಳಿಗೆ ಗರ್ಭಧಾರಣೆ ಮಾಡಿಸುವ ಕೇಂದ್ರದಲ್ಲಿ. ನಾನು ಅಲ್ಯೂಮಿನಿಯಂ ಕ್ಯಾನು ಹಿಡಿದು ಹೋಗಿ ಉಳಿದದ್ದನ್ನು ಬೇಡಿ ತರುತ್ತಿದ್ದೆ. ಒಂದು ಸಲ ಟೌನ್ ಬಸ್ಸಿನಲ್ಲಿ ಕ್ಯಾನಿನ ಬಾಯಿಂದ ಬಿಳಿ ಹೊಗೆ ಇಳಿದು ಸೀಟಿನ ಕೆಳಗೆ ಹರಿಯಿತು. ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದ. ‘ಇದೇನಯ್ಯಾ?’ ಎಂದ. ನಾನು ನಿಜ ಹೇಳಿದೆ, ಎಲ್ಲಿಂದ ತಂದೆ ಎಂಬುದನ್ನೂ ಹೇಳಿದೆ. ಹಿಂದಿನ ಸೀಟಿನ ಮುದುಕಿ, ‘ಅಯ್ಯೋ, ಒಳಗೆ ಹೋರಿ ಇದೆಯಾ?’ ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಇಳಿದು ಉಳಿದ ದಾರಿ ನಡೆದೆ. ಕಾಲೇಜು ತಲುಪುವ ಹೊತ್ತಿಗೆ ಕ್ಯಾನಿನಲ್ಲಿ ಉಳಿದದ್ದು ಒಂದು ಲೋಟದಷ್ಟು.

ಇವೆಲ್ಲ ನಗುವ ವಿಷಯಗಳು. ಈಗ ಹೇಳುವುದು ಹಾಗಲ್ಲ. ಆದ್ದರಿಂದ ನಿಧಾನವಾಗಿ, ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಎಂಬತ್ತರ ದಶಕದ ಮಧ್ಯದ ಮಾತು. ನಮ್ಮ ಗಂಟೆಯೊಳಗೆ ಹಾಕುತ್ತಿದ್ದ ಪುಡಿ ನೀಲಿ ಬಣ್ಣದ್ದು. ಅದರ ಹೆಸರು ಕಾಪರ್ ಥಾಲೋಸಯನೀನ್. ಹೆಸರಿಗೆ ಹೆದರಬೇಡಿ. ತಿರುಪ್ಪೂರಿನಲ್ಲಿ ಬನಿಯನ್ನಿನ ಮೇಲೆ ನೀಲಿ ಅಚ್ಚು ಹಾಕುವವರು ಇದನ್ನೇ ಬಳಸುತ್ತಿದ್ದರು. ಮೊದಲ ಡಬ್ಬಿಯನ್ನು ನಾನೇ ಅಲ್ಲಿನ ಬಣ್ಣದ ಅಂಗಡಿಯಿಂದ ತಂದು, ಗಾಜಿನ ಕೊಳವೆಯಲ್ಲಿ ಆವಿ ಮಾಡಿ ಮತ್ತೆ ಗಟ್ಟಿ ಮಾಡಿ ಶುದ್ಧ ಮಾಡಿದ್ದೆ. ಬಟ್ಟೆಗೆ ಬಣ್ಣವಾದ ಈ ಪುಡಿ ಸ್ವಲ್ಪ ಮಟ್ಟಿಗೆ ವಿದ್ಯುತ್ತನ್ನೂ ಹಾಯಿಸುತ್ತದೆ. ಅದು ಸಾವಯವ ಅರೆವಾಹಕ. ಅದರ ಒಂದೊಂದು ಅಣುವೂ ನಾಲ್ಕು ಎಸಳಿನ ರಂಗೋಲಿಯ ಹಾಗೆ ಚಪ್ಪಟೆ, ನಡುವೆ ಒಂದು ತಾಮ್ರದ ಚುಕ್ಕಿ. ಊಟದ ಎಲೆಗಳನ್ನು ಪೇರಿಸಿದ ಹಾಗೆ ಅಣುಗಳು ಒಂದರ ಮೇಲೊಂದು ಸಾಲಾಗಿ ಕೂತರೆ ಆ ಸಾಲಿನಗುಂಟ ವಿದ್ಯುತ್ತು ಸಲೀಸಾಗಿ ಹೋಗುತ್ತದೆ. ಅಡ್ಡಾದಿಡ್ಡಿ ಬಿದ್ದರೆ ತಡವರಿಸುತ್ತದೆ. ಹಾಗಾಗಿ ಲೋಹದ ಮೇಲೆ ಅವು ಹೇಗೆ ಕೂರುತ್ತವೆ, ಮಲಗುತ್ತವೆಯೋ ನಿಲ್ಲುತ್ತವೆಯೋ, ಯಾವ ದಿಕ್ಕಿಗೆ ಮುಖ ಮಾಡುತ್ತವೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಹಿಡಿದು ಪಿಎಚ್.ಡಿ. ಮಾಡುತ್ತಿದ್ದವಳು ರುಕ್ಮಿಣಿ. ಅನ್ನೂರಿನ ಕಡೆಯ ಒಕ್ಕಲು ಮನೆಯವಳು, ಅವಳ ಮನೆಯಲ್ಲೂ ಕನ್ನಡವೇ. ಲ್ಯಾಬಿನಲ್ಲಿ ಎಲ್ಲರೆದುರು ತಮಿಳು ಮಾತಾಡಿ, ನಾವಿಬ್ಬರೇ ಇದ್ದಾಗ ಕನ್ನಡಕ್ಕೆ ಬರುತ್ತಿದ್ದೆವು. ನನ್ನನ್ನು ಅಣ್ಣ ಎನ್ನುತ್ತಿದ್ದಳು. ನಾನು ನಮ್ಮ ಕಡೆಯ ರೂಢಿಯಂತೆ ಅಮ್ಮಿಣಿ ಎನ್ನುತ್ತಿದ್ದೆ. ಅವಳ ಫೆಲೋಶಿಪ್ಪು ಮಾರ್ಚಿಗೆ ಮುಗಿಯುವುದಿತ್ತು. ಅಷ್ಟರೊಳಗೆ ಪ್ರಬಂಧ ಕೊಡದಿದ್ದರೆ ಮೂರೂವರೆ ವರ್ಷ ಅಲ್ಲಿಗೇ ನಿಂತುಹೋಗುತ್ತಿತ್ತು.

ಅವಳು ಮಾಡುತ್ತಿದ್ದದ್ದು ಹೀಗೆ. ಬೆಳ್ಳಿ ಕೆಲಸದವರ ರೋಲರ್ ಯಂತ್ರದಲ್ಲಿ ಒತ್ತಿಸಿದ ಬೆಳ್ಳಿಯ ಉದ್ದ ಪಟ್ಟಿಯನ್ನು ನಾನು ಬೆರಳುದ್ದದ ತಗಡುಗಳಾಗಿ ಕತ್ತರಿಸುತ್ತಿದ್ದೆ. ತಿರುಗುವ ಚಕ್ರದ ಮೇಲೆ ಪಾಲಿಷ್ ಹಾಕಿ, ಸ್ಪಿರಿಟ್ಟಿನಲ್ಲಿ ತೊಳೆದು, ಕೊನೆಗೆ ಒಗೆದು ಒಗೆದು ಮೆತ್ತಗಾದ ಪಂಚೆಯ ತುಂಡಿನಿಂದ ಒರೆಸಿ ಗಂಟೆಯೊಳಗೆ ಕಟ್ಟುತ್ತಿದ್ದೆ. ನೀಲಿ ಅಂಟಿದ ಮೇಲೆ ಅವಳು ಆ ತಗಡನ್ನು ತಿರುಗುವ ಪೀಠದ ಮೇಲಿಟ್ಟು, ಒಂದೇ ದಿಕ್ಕಿನಲ್ಲಿ ಅಲುಗುವ ಬೆಳಕನ್ನು ಮಾತ್ರ ಸೋಸಿ ಬಿಡುವ ಗಾಜಿನ ಮೂಲಕ ಬೆಳಕು ಹಾಯಿಸುತ್ತಿದ್ದಳು. ತಗಡಿನಿಂದ ಮರಳಿದ ಬೆಳಕು ಎಷ್ಟು ಎಂಬುದನ್ನು ಅಳತೆಪಟ್ಟಿಯ ಮೇಲಿನ ಒಂದು ಬೆಳಕಿನ ಚುಕ್ಕಿ ತೋರಿಸುತ್ತಿತ್ತು. ಅಣುಗಳು ಅಡ್ಡಾದಿಡ್ಡಿ ಇದ್ದರೆ ಪೀಠ ಎಷ್ಟು ತಿರುಗಿಸಿದರೂ ಚುಕ್ಕಿ ನಿಂತಲ್ಲೇ ನಿಲ್ಲುತ್ತದೆ. ಒಂದೇ ದಿಕ್ಕಿಗೆ ಸಾಲು ಹಿಡಿದಿದ್ದರೆ ಚುಕ್ಕಿ ಓಡುತ್ತದೆ.

ನಮ್ಮ ಚುಕ್ಕಿ ಓಡಿತು. ತಗಡಿನಿಂದ ತಗಡಿಗೆ ಒಂದೇ ರೀತಿ ಓಡಿತು. ನೀಲಿ ಇಲ್ಲದ ಬರೀ ಬೆಳ್ಳಿಯಲ್ಲಿ ಅಲುಗಲೇ ಇಲ್ಲ. ಪ್ರೊಫೆಸರ್ ಹೇಳಿದ ಕಾರಣ ಇದು: ರೋಲರಿನಲ್ಲಿ ಒತ್ತಿದಾಗ ಬೆಳ್ಳಿಯೊಳಗಿನ ಹರಳುಗಳು ಪಟ್ಟಿಯ ಉದ್ದಕ್ಕೆ ತಿರುಗಿ ನಿಲ್ಲುತ್ತವೆ, ಮೇಲೆ ಕೂತ ಅಣುಗಳು ಆ ಹರಳುಗಳನ್ನು ನೋಡಿ ತಾವೂ ಸಾಲಾಗುತ್ತವೆ. ಲೋಹವೇ ಅಣುವಿಗೆ ದಾರಿ ತೋರಿಸುತ್ತದೆ. ಪ್ರಬಂಧದ ನಾಲ್ಕನೇ ಅಧ್ಯಾಯ ಇದೇ. ಉಳಿದ ಅಧ್ಯಾಯಗಳು ಇದರ ಮೇಲೆ ನಿಂತಿದ್ದವು.

ಆ ವರ್ಷ ನವೆಂಬರಿನಲ್ಲಿ ನನಗೆ ಅಮ್ಮ ಆಯಿತು. ಮೈತುಂಬ ನೀರುಗುಳ್ಳೆ. ಬಾಗಿಲಿಗೆ ಬೇವು ಕಟ್ಟಿ ಮೂರು ವಾರ ಮನೆಯೊಳಗೇ ಮಲಗಿದೆ. ನನ್ನ ಬದಲಿಗೆ ಯಂತ್ರ ನೋಡಿಕೊಂಡವರು ಅಟೆಂಡರ್ ಪಳನಿಸಾಮಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಕಾಲೇಜಿಗೆ ಬರುವ ಮೊದಲು ಪಾತ್ರೆ ಅಂಗಡಿಯಲ್ಲಿದ್ದವರು. ಅವರು ಒಂಬತ್ತು ತಗಡು ಮಾಡಿಕೊಟ್ಟರು. ಒಂಬತ್ತರಲ್ಲೂ ಚುಕ್ಕಿ ಅಲುಗಲಿಲ್ಲ.

ನಾನು ವಾಪಸು ಬಂದ ವಾರವೇ ಚುಕ್ಕಿ ಮತ್ತೆ ಓಡಿತು. ಪ್ರೊಫೆಸರ್, ‘ರಾಮಲಿಂಗಂ ಕೈಗುಣ ನೋಡಿ’ ಎಂದು ಎಲ್ಲರೆದುರು ಹೇಳಿದರು. ಪಳನಿಸಾಮಿ ಕವಾಟ ತಪ್ಪಾಗಿ ತಿರುಗಿಸಿ ಎಣ್ಣೆ ಆವಿಯನ್ನು ಒಳಗೆ ಬಿಟ್ಟಿದ್ದಾರೆ, ತಗಡು ಜಿಡ್ಡಾಗಿದೆ ಎಂದು ತೀರ್ಮಾನವಾಯಿತು. ಒಂಬತ್ತು ತಗಡನ್ನೂ ಲೆಕ್ಕದಿಂದ ಬಿಟ್ಟರು. ಯಂತ್ರದ ಕೋಣೆಯ ಬೀಗದ ಕೈಯನ್ನು ಪಳನಿಸಾಮಿಯಿಂದ ಇಸಿದುಕೊಂಡರು.

‘ನಾನು ಕವಾಟ ಮುಟ್ಟಿದ್ದು ನೀನು ಹೇಳಿಕೊಟ್ಟ ಕ್ರಮದಲ್ಲೇ ಕಣಯ್ಯಾ’ ಎಂದು ಅವರು ನನ್ನ ಹತ್ತಿರ ಹೇಳಿದರು. ‘ನಿನ್ನ ಕೈಯಲ್ಲೇನು ವಿಭೂತಿ ಉದುರುತ್ತಾ?’

ನಾನು ನಕ್ಕೆ. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು ಎಂಬುದನ್ನು ಇಲ್ಲಿ ಬರೆದಿಡಬೇಕು.

ನಮ್ಮ ಮನೆ ಸೂಲೂರಿನ ಹತ್ತಿರ ನೇಕಾರರ ಬೀದಿಯಲ್ಲಿ. ಅಪ್ಪ ಕೈಮಗ್ಗದವರು. ಬೀದಿಯ ತುದಿಯಲ್ಲಿ ಪಾವಡಿ ಎಂಬ ಬಯಲು. ಬಿಸಿಲು ಏರುವ ಮೊದಲು ಅಲ್ಲಿ ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಸವರಿ, ಅಗಲವಾದ ಕುಂಚದಿಂದ ತೀಡುತ್ತಾರೆ. ಎಳೆಯ ಮೇಲಿನ ಸಣ್ಣ ಜುಂಗೆಲ್ಲ ಒಂದೇ ಕಡೆಗೆ ಮಲಗಬೇಕು. ಇಲ್ಲದಿದ್ದರೆ ಮಗ್ಗದಲ್ಲಿ ಎಳೆಗೆ ಎಳೆ ಸಿಕ್ಕಿಕೊಂಡು ಕಡಿಯುತ್ತದೆ. ಜನವರಿಯ ಒಂದು ಭಾನುವಾರ ಅಪ್ಪನ ಜೊತೆಗಾರರು ಬಂದಿರಲಿಲ್ಲ. ಅಪ್ಪ ನನ್ನ ಕೈಗೆ ಕುಂಚ ಕೊಟ್ಟರು. ನಾನು ಅದನ್ನು ಹಿಡಿದು ಹನ್ನೆರಡು ವರ್ಷ ಆಗಿತ್ತು.

‘ಕಾಲೇಜ್ ವೇಲೆಗೆ ಹೋಗಿ ಮರ್ತಿರ್ತೀಯ, ಹುಷಾರು’ ಎಂದರು ಅಪ್ಪ. ನಮ್ಮ ಮನೆಯ ಕನ್ನಡದಲ್ಲಿ ತಮಿಳು ಬೆರೆತಿತ್ತು, ಕೆಲಸಕ್ಕೆ ವೇಲೆ ಎನ್ನುತ್ತಿದ್ದರು.

ಎರಡು ಮಾರು ನಡೆದೆ. ಹಿಂದೆ ಬರುತ್ತಿದ್ದ ಅಪ್ಪ, ‘ಪರವಾಯಿಲ್ಲಡಾ, ಮರ್ತಿಲ್ಲ. ನೋಡು, ಹೋಗ್ತಾ ಅಮುಕ್ತೀಯ, ತುದೀಲಿ ಎತ್ತೀಯ, ಗಾಳೀಲೇ ವಾಪಸ್ ಬತ್ತೀಯ. ಚಿಕ್ಕಂದಿನಲ್ಲಿ ಎಷ್ಟು ಏಟು ತಿಂದಿದ್ದೆ ಇದಕ್ಕೆ!’ ಎಂದು ನಕ್ಕರು.

ನಾನು ನಿಂತುಬಿಟ್ಟೆ. ಹೋಗುವಾಗ ಒತ್ತುವುದು, ತುದಿಯಲ್ಲಿ ಎತ್ತುವುದು, ಗಾಳಿಯಲ್ಲಿ ಹಿಂದಕ್ಕೆ ಬರುವುದು. ಆ ಕೈಯನ್ನು ನಾನು ಶುಕ್ರವಾರವೂ ಕಂಡಿದ್ದೆ, ಬೆಳ್ಳಿ ತಗಡಿನ ಮೇಲೆ. ನಾನು ತಗಡು ಒರೆಸುತ್ತಿದ್ದದ್ದು ಹಾಗೆಯೇ, ಯಾವಾಗಲೂ ಉದ್ದಕ್ಕೆ, ಯಾವಾಗಲೂ ಒಂದೇ ಕಡೆಗೆ. ಪಳನಿಸಾಮಿ ಹೇಗೆ ಒರೆಸುತ್ತಾರೆ ಎಂಬುದೂ ನೆನಪಾಯಿತು. ಅವರು ಪಾತ್ರೆ ಬೆಳಗಿದವರು. ಸುತ್ತಿ ಸುತ್ತಿ ಒರೆಸುತ್ತಾರೆ.

‘ಏನ್ಡಾ, ಗಂಜಿ ಒಣಗ್ತೈತೆ’ ಎಂದರು ಅಪ್ಪ. ನಾನು ಕೆಲಸ ಮುಗಿಸಿದೆ.

ಮುಂದಿನ ನಾಲ್ಕು ದಿನ ನಾನು ಬಾಯಿ ಬಿಡಲಿಲ್ಲ. ಇದಕ್ಕೆ ನಾನು ನನಗೇ ಕೊಟ್ಟುಕೊಂಡ ಕಾರಣ, ಖಚಿತವಿಲ್ಲದೆ ಹೇಳಬಾರದು ಎಂಬುದು. ಅದು ಅರ್ಧ ನಿಜ. ಉಳಿದರ್ಧ ಹೆದರಿಕೆ. ನಾಲ್ಕನೇ ಅಧ್ಯಾಯ ಆಗಲೇ ಟೈಪಿಂಗಿಗೆ ಹೋಗಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾತಾಡಿದರೆ ಮೂರೂವರೆ ವರ್ಷದ ಅಳತೆಯೆಲ್ಲ ನನ್ನ ಕೈಯಿಂದ ಕೆಟ್ಟಿತು ಎಂದಾಗುತ್ತಿತ್ತು.

ಸೋಮವಾರ ಆರು ತಗಡು ಒರೆಸಬೇಕಿತ್ತು. ಐದನ್ನು ಎಂದಿನಂತೆ ಉದ್ದಕ್ಕೆ ಒರೆಸಿದೆ. ಒಂದನ್ನು ಅಡ್ಡಕ್ಕೆ ಒರೆಸಿ ಅದರ ಮೂಲೆಗೆ ಅರದಿಂದ ಒಂದು ಸಣ್ಣ ಗೀರು ಹಾಕಿದೆ. ಯಾರಿಗೂ ಹೇಳಲಿಲ್ಲ. ಮಂಗಳವಾರ ಆರಕ್ಕೂ ಒಟ್ಟಿಗೇ ನೀಲಿ ಹಾಕಿದೆ. ಗುರುವಾರ ಬೆಳಗ್ಗೆ ರುಕ್ಮಿಣಿ ಅಳೆಯಲು ಕೂತಳು. ನಾನು ಪಂಪಿನ ಬೆಲ್ಟ್ ಬದಲಿಸುವ ನೆವದಲ್ಲಿ ಅಲ್ಲೇ ಇದ್ದೆ.

‘ಅಣ್ಣ, ಇಲ್ ನೋಡಿ. ಐದೂ ಸರ್ಯಾಗೈತೆ. ಇದೊಂದ್ ಮಾತ್ರ ತಿರುವಾಕ್ಕೊಂಡೈತೆ. ಚುಕ್ಕಿ ಓಡ್ಬೇಕಾದ್ ಕಡೆ ನಿಲ್ತದೆ, ನಿಲ್ಬೇಕಾದ್ ಕಡೆ ಓಡ್ತದೆ.’

ನಾನು ಮೂಲೆ ನೋಡಿದೆ. ಗೀರು ಇತ್ತು.

‘ಕೆಟ್ಟ ತಗಡು. ಬಿಸಾಕ್ಬಿಡ್ಲಾ?’

‘ಬೇಡ ಅಮ್ಮಿಣಿ. ತಗಡು ಕೆಟ್ಟಿಲ್ಲ. ಅದನ್ನ ನಾನು ಅಡ್ಡ ಒರೆಸ್ದೆ.’

‘ಅಡ್ಡ ಅಂದ್ರೆ?’

ಪಂಚೆಯ ತುಂಡು ತೆಗೆದು ಮೇಜಿನ ಮೇಲೆ ಒರೆಸಿ ತೋರಿಸಿದೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಅವಳಿಗೆ ಎರಡನೇ ಸಲ ತೋರಿಸಬೇಕಾಗಲಿಲ್ಲ.

‘ಇಷ್ಟು ವರ್ಷ ಎಲ್ಲಾ ತಗಡೂ ನೀವೇ ಒರೆಸಿದ್ದಾ?’

‘ಪಳನಿಸಾಮಿ ಒರೆಸಿದ ಒಂಬತ್ತು ಬಿಟ್ಟು.’

‘ಎಲ್ಲಾ ಉದ್ದಕ್ಕೇನೇ?’

‘ಎಲ್ಲಾ ಉದ್ದಕ್ಕೇನೇ.’

‘ಹಂಗಾದ್ರೆ ಬೆಳ್ಳಿ ಏನೂ ಹೇಳಿಲ್ಲ ಅವಕ್ಕೆ. ನೀವು ಹೇಳಿದ್ದು.’ ಗೀರಿದ್ದ ತಗಡನ್ನು ಕೈಗೆತ್ತಿಕೊಂಡು ಕೇಳಿದಳು, ‘ಯಾವಾಗ ಗೊತ್ತಾಯ್ತು ಅಣ್ಣ?’

‘ಭಾನುವಾರ.’

‘ಇವತ್ತು ಗುರುವಾರ.’ ಅವಳ ದನಿ ಏರಲಿಲ್ಲ. ‘ನಿನ್ನೆ ಅಧ್ಯಾಯ ಟೈಪ್ ಆಗಿ ಬಂತು. ಚೆನ್ನಾಗೈತಾ ಅಂತ ನಿಮಗೇ ತೋರಿಸಿದ್ನಲ್ಲ.’

ಹೊಸಬರಿಗೆ ನಾನು ಹೇಳಬೇಕಾದ್ದು ಇಷ್ಟೇ: ಖಚಿತವಾಗುವ ತನಕ ಕಾಯಬೇಡಿ. ಅನುಮಾನ ಬಂದ ದಿನವೇ ಅನುಮಾನವೆಂದೇ ಹೇಳಿ.

ಇಬ್ಬರೂ ಪ್ರೊಫೆಸರ್ ಕೋಣೆಗೆ ಹೋದೆವು. ಅವಳು ವಿಷಯ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವರು ಎದ್ದು, ‘ಬಾ, ಒರೆಸಿ ತೋರಿಸು’ ಎಂದರು.

ಒರೆಸುವ ಮೇಜು ಯಂತ್ರದ ಕೋಣೆಯ ಮೂಲೆಯಲ್ಲಿತ್ತು. ನಾನು ಒಂದು ತಗಡು ಒರೆಸಿದೆ. ಶಬ್ದ ಕೇಳಿ ಪಳನಿಸಾಮಿಯೂ ಬಂದು ಬಾಗಿಲಲ್ಲಿ ನಿಂತರು.

‘ಹಿಂದಕ್ಕೆ ಬರುವಾಗ ಬಟ್ಟೆ ಯಾಕೆ ಎತ್ತುತ್ತೀಯ?’ ಎಂದರು ಪ್ರೊಫೆಸರ್.

‘ಹಿಂದಕ್ಕೆ ಉಜ್ಜಿದರೆ ನೂಲಿನ ಜುಂಗು ಎದ್ದುಬಿಡುತ್ತೆ ಸಾರ್.’

‘ಇಲ್ಲಿ ನೂಲು ಎಲ್ಲಿದೆ?’

‘ಇಲ್ಲ ಸಾರ್.’

ಪಳನಿಸಾಮಿ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು ನಕ್ಕರು. ಪ್ರೊಫೆಸರ್ ನಗಲಿಲ್ಲ. ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ ಹೇಳಿದರು, ‘ಪಂಪಿನ ಒತ್ತಡ ಬರೆದಿಟ್ಟಿದ್ದೇವೆ. ಕರೆಂಟು ಬರೆದಿಟ್ಟಿದ್ದೇವೆ. ಪುಡಿಯ ತೂಕ ಬರೆದಿಟ್ಟಿದ್ದೇವೆ. ಈ ಮೇಜಿನ ಹತ್ತಿರ ನಾನು ಒಂದು ದಿನ, ಐದು ನಿಮಿಷ ನಿಂತಿದ್ದರೆ ಸಾಕಿತ್ತು.’ ಹಾಗೆಂದು ಹೊರಗೆ ಹೋದರು. ಅಂದು ಮತ್ತೆ ಬರಲಿಲ್ಲ.

ಶುಕ್ರವಾರ ಬೆಳಗ್ಗೆ ನಾನು ಬರುವ ಮೊದಲೇ ಬಂದಿದ್ದರು. ಒಂದು ತಗಡು ತೆಗೆದು ನಡುವೆ ಪೆನ್ಸಿಲ್ ಗೆರೆ ಎಳೆದರು. ‘ಒಂದರ್ಧ ಉದ್ದಕ್ಕೆ, ಇನ್ನೊಂದರ್ಧ ಅಡ್ಡಕ್ಕೆ. ಬೆಳ್ಳಿ ಒಂದೇ, ರೋಲರ್ ಒಂದೇ, ನೀಲಿ ಒಂದೇ. ಲೋಹ ದಾರಿ ತೋರಿಸುವುದಾದರೆ ಎರಡರ್ಧವೂ ಒಂದೇ ಹೇಳಬೇಕು. ಕೈ ತೋರಿಸುವುದಾದರೆ ಜಗಳವಾಡಬೇಕು.’

ಅರ್ಧಕ್ಕೆ ಕಾಗದ ಮುಚ್ಚಿ ಒರೆಸಿದೆ. ಕಾಗದ ಬದಲಿಸಿ ಇನ್ನರ್ಧ ಒರೆಸಿದೆ. ನೀಲಿ ಹಾಕಿ, ಸಂಜೆ ಐದಕ್ಕೆ ಗಾಜಿನ ಗಂಟೆ ಎತ್ತಿದೆವು. ಬರಿಗಣ್ಣಿಗೆ ತಗಡೆಲ್ಲ ಒಂದೇ ನೀಲಿ. ರುಕ್ಮಿಣಿ ಸೋಸುಗಾಜನ್ನು ಕಣ್ಣಿಗೆ ಹಿಡಿದು ನಿಧಾನವಾಗಿ ತಿರುಗಿಸಿದಳು, ಅದನ್ನು ಪ್ರೊಫೆಸರಿಗೆ ಕೊಟ್ಟಳು, ಅವರು ನನಗೆ ಕೊಟ್ಟರು. ನಡುಗೆರೆಯ ಆಚೆ ಗಾಢ ನೀಲಿ, ಈಚೆ ತಿಳಿ ನೀಲಿ. ಗಾಜು ತಿರುಗಿಸಿದರೆ ಆಚೆಯದು ತಿಳಿಯಾಗಿ ಈಚೆಯದು ಗಾಢವಾಯಿತು.

‘ನಾಲ್ಕನೇ ಅಧ್ಯಾಯ ಸುಳ್ಳು’ ಎಂದರು ಪ್ರೊಫೆಸರ್. ‘ಆದರೆ ಅದಕ್ಕಿಂತ ಒಳ್ಳೆ ಅಧ್ಯಾಯ ಈ ತಗಡಿನಲ್ಲಿದೆ. ಒಂಬತ್ತು ವಾರ ಇದೆ. ಬರೆಯುತ್ತೀಯಾ?’

‘ಬರೀತೀನಿ ಸಾರ್’ ಎಂದಳು. ಅವಳ ಮುಖದಲ್ಲಿ ಬಣ್ಣ ಬಂದದ್ದು ಗುರುವಾರದಿಂದ ಈಚೆಗೆ ಅದೇ ಮೊದಲು.

ಪ್ರೊಫೆಸರ್ ಪಳನಿಸಾಮಿಯ ಹತ್ತಿರ ತಪ್ಪಾಯಿತು ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಸೋಮವಾರ ಯಂತ್ರದ ಕೋಣೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ಎಸೆಯಲೆಂದು ಡಬ್ಬಿಯಲ್ಲಿಟ್ಟಿದ್ದ ಅವರ ಒಂಬತ್ತು ತಗಡು ಮೇಜಿಗೆ ಬಂದವು. ಸುತ್ತಿ ಒರೆಸಿದರೆ ಅಣುಗಳಿಗೆ ದಿಕ್ಕಿಲ್ಲ ಎಂಬುದಕ್ಕೆ ಅವೇ ಸಾಕ್ಷಿ. ‘ನನ್ನದೂ ಪ್ರಬಂಧಕ್ಕೆ ಹೋಯಿತು ನೋಡು, ಪಾತ್ರೆ ಅಂಗಡಿ ಪಾಲಿಷ್’ ಎಂದು ಅವರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿದರು.

ಈಗ ಹೊಸ ತೊಂದರೆ ಶುರುವಾಯಿತು. ಬೇರೆ ಬೇರೆ ಕೋನದಲ್ಲಿ ಒರೆಸಿದ ತಗಡುಗಳು ಬೇಕಿದ್ದವು. ಮೊದಲು ಗೊತ್ತಿಲ್ಲದೆ ಒರೆಸುತ್ತಿದ್ದಾಗ ನನ್ನ ಕೈ ಸರಾಗವಾಗಿತ್ತು. ಈಗ ಎಲ್ಲರೂ ನೋಡುತ್ತಿದ್ದಾರೆ ಎಂಬ ಅರಿವಿನಲ್ಲಿ ಅದು ಬಿಗಿಯಾಯಿತು. ರುಕ್ಮಿಣಿ ತಗಡನ್ನು ಅಂಚೆ ತೂಕದ ತಕ್ಕಡಿಯ ಮೇಲಿಟ್ಟು ಒರೆಸಲು ಹೇಳಿದಳು. ಮುಳ್ಳು ಕುಣಿಯಿತು. ಒಂದು ಎಳೆತಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ. ಹದಿನೈದು ದಿನ ಹೀಗೇ ಹೋಯಿತು.

‘ನಿಮಗೆ ಇದನ್ನ ಕಲಿಸಿದ್ದು ಯಾರು ಅಣ್ಣ?’ ಎಂದಳು ಒಂದು ದಿನ.

‘ಅಪ್ಪ.’

‘ಕರ್ಕೊಂಡ್ ಬನ್ನಿ.’

ಅಪ್ಪ ಬಂದರು. ಒಗೆದ ಪಂಚೆ, ಹೆಗಲಿಗೆ ಟವೆಲ್. ಚಪ್ಪಲಿ ಹೊರಗೆ ಬಿಡಿ ಎಂದು ನಾನು ಹೇಳುವ ಮೊದಲೇ ಬಿಟ್ಟಿದ್ದರು. ಸ್ಟೂಲಿನ ಮೇಲೆ ಕೂರಲು ಒಪ್ಪಲಿಲ್ಲ, ತಕ್ಕಡಿಯನ್ನು ನೆಲಕ್ಕಿಳಿಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತರು.

‘ಇದ್ ಎಷ್ಟನೇ ನಂಬರ್ ನೂಲಮ್ಮಾ?’ ಎಂದು ತಗಡು ನೋಡಿ ಕೇಳಿದರು.

‘ಕಣ್ಣಿಗೆ ಕಾಣಲ್ಲ ದೊಡ್ಡಪ್ಪ. ಅಷ್ಟು ಸಣ್ಣದು’ ಎಂದಳು ರುಕ್ಮಿಣಿ.

‘ಕಾಣದ ನೂಲಿಗೆ ಕೂಲಿ ಯಾರ್ ಕೊಡ್ತಾರೆ?’

‘ಸರ್ಕಾರ ಕೊಡ್ತೈತೆ, ಮಾರ್ಚ್ ತನಕ’ ಎಂದಳು.

ಅಪ್ಪ ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡು ಒಂದು ಸಲ ಎಳೆದರು, ಎತ್ತಿದರು, ಗಾಳಿಯಲ್ಲಿ ಹಿಂದಕ್ಕೆ ತಂದರು. ಮತ್ತೆ ಎಳೆದರು. ತಕ್ಕಡಿಯ ಮುಳ್ಳು ಪ್ರತಿ ಎಳೆತಕ್ಕೂ ಹೋಗಿ ಅದೇ ಗೆರೆಯ ಮೇಲೆ ನಿಂತಿತು. ಅವರು ಮುಳ್ಳಿನ ಕಡೆ ನೋಡುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಪಳನಿಸಾಮಿಯ ಜೊತೆ ಈ ವರ್ಷದ ಗಂಜಿಯ ಬೆಲೆ ಮಾತಾಡುತ್ತಿದ್ದರು. ಪ್ರೊಫೆಸರ್ ಮಂಡಿಯೂರಿ ಮುಳ್ಳಿನ ಮಟ್ಟಕ್ಕೆ ಕಣ್ಣು ತಂದು ನೋಡಿದರು. ಅವರು ನೆಲದ ಮೇಲೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಪ್ಪ ನಾಲ್ಕು ದಿನ ಬಂದರು. ಅವರು ಒರೆಸಿದ ತಗಡುಗಳಲ್ಲಿ ಚುಕ್ಕಿ ನನ್ನವುಗಳಲ್ಲಿಗಿಂತ ಎಷ್ಟೋ ದೂರ ಓಡಿತು. ಕೊನೆಯ ದಿನ ಅವರೂ ಸೋಸುಗಾಜು ಹಿಡಿದು ನೋಡಿ, ‘ಮಲಗೈತೆ’ ಎಂದರು. ಅಷ್ಟೇ.

ಒರೆಸಿದ ದಿಕ್ಕು ಅಣುಗಳಿಗೆ ಹೇಗೆ ತಿಳಿಯುತ್ತದೆ ಎಂಬುದನ್ನು ನಾವು ಕಂಡುಹಿಡಿಯಲಿಲ್ಲ. ಬಟ್ಟೆ ಬೆಳ್ಳಿಯ ಮೇಲೆ ಕಣ್ಣಿಗೆ ಕಾಣದ ಗೀರು ಬಿಟ್ಟಿತೋ, ಬಟ್ಟೆಯ ಜಿಡ್ಡೇ ಎಳೆ ಎಳೆಯಾಗಿ ಅಂಟಿತೋ ಹೇಳಲಾರೆ. ರುಕ್ಮಿಣಿಯೂ ಪ್ರಬಂಧದಲ್ಲಿ ಹಾಗೆಯೇ ಬರೆದಳು. ಪ್ರೊಫೆಸರ್ ಹೇಳಿದ್ದೂ ಪೂರ್ತಿ ತಪ್ಪಲ್ಲ. ಮುಂದೆ ಒಂದೊಂದೇ ಅಣುವನ್ನು ತೋರಿಸುವ ಯಂತ್ರಗಳು ಬಂದವು. ನಮ್ಮ ಪಂಪುಗಳಿಗೆ ಎಂದೂ ಎಟುಕದ ನಿರ್ವಾತದಲ್ಲಿ, ಮನುಷ್ಯನ ಕೈ ಸೋಕದ ಶುದ್ಧ ಹರಳಿನ ಮೇಲೆ ಇದೇ ನೀಲಿ ಅಣುಗಳು ರಂಗೋಲಿಯ ಹಾಗೆ ಚಪ್ಪಟೆ ಮಲಗಿರುವ ಚಿತ್ರವನ್ನು ನಾನೂ ಪತ್ರಿಕೆಯಲ್ಲಿ ನೋಡಿದೆ. ಅಲ್ಲಿ ಲೋಹವೇ ದಾರಿ ತೋರಿಸುತ್ತದೆ. ನಮ್ಮಲ್ಲಿ ಲೋಹಕ್ಕೂ ಅಣುವಿಗೂ ನಡುವೆ ನಮ್ಮ ಕೈ ಇತ್ತು. ನಮಗೆ ಅದು ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯಿತು.

ಅಂದಿನಿಂದ ನಮ್ಮ ಲ್ಯಾಬಿನ ರಿಜಿಸ್ಟರಿನಲ್ಲಿ ಎರಡು ಹೊಸ ಕಲಂ ಬಂದವು: ಒರೆಸಿದವರು ಯಾರು, ಯಾವ ದಿಕ್ಕಿಗೆ. ನಾನು ನಿವೃತ್ತನಾಗುವವರೆಗೂ ಆ ಕಲಂಗಳನ್ನು ಒಂದು ದಿನವೂ ಖಾಲಿ ಬಿಟ್ಟಿಲ್ಲ. ಹಳೆ ಗಂಟೆ ಹೋಗಿ ಉಕ್ಕಿನ ಯಂತ್ರ ಬಂದಾಗ, ಅದರ ಕಂಪ್ಯೂಟರಿನಲ್ಲಿ ಇವನ್ನು ತುಂಬುವ ಜಾಗ ಇರಲಿಲ್ಲ. ನಾನು ಬೇರೆ ಪುಸ್ತಕ ಇಟ್ಟು ಬರೆದೆ. ಮೈಸೂರಿನ ಹುಡುಗಿಗೆ ನನ್ನ ಉತ್ತರ ಇದೇ. ನಿನ್ನ ಕೈ ಏನು ಮಾಡುತ್ತದೆ ಎಂಬುದನ್ನು ಮೊದಲು ಕಲಿ.

ರುಕ್ಮಿಣಿ ಪ್ರಬಂಧ ಕೊಟ್ಟದ್ದು ಫೆಲೋಶಿಪ್ಪು ಮುಗಿಯಲು ಎರಡು ದಿನ ಇರುವಾಗ. ಬಾಯಿಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನಾಲ್ಕನೇ ಅಧ್ಯಾಯಕ್ಕೆ ಬಂದು ನಿಂತರಂತೆ. ‘ಇದೇ ಫಲಿತಾಂಶ ಮೊದಲು ಬೆಳ್ಳಿಯಿಂದ ಬಂತೆಂದು ನೀವು ನಂಬಿದ್ದಿರಿ. ತಪ್ಪು ಎಂದು ಹೇಗೆ ತಿಳಿಯಿತು?’ ಎಂದು ಕೇಳಿದರಂತೆ. ‘ನಮ್ಮ ಟೆಕ್ನೀಷಿಯನ್ ಬಂದು ಹೇಳಿದರು’ ಎಂದಳಂತೆ. ಎಷ್ಟು ದಿನಕ್ಕೆ ಹೇಳಿದರು ಎಂಬುದನ್ನು ಅವಳು ಹೇಳಲಿಲ್ಲ. ನಾನು ಇಲ್ಲಿ ಹೇಳಿದ್ದೇನೆ.

ಪಾಸಾದ ವಾರ ಅವಳು ನಮ್ಮ ಮನೆಗೆ ಬಂದಳು. ಅನ್ನೂರಿನಿಂದ ಒಂದು ಚೀಲ ಕಡಲೆಕಾಯಿ, ಕಂಕುಳಲ್ಲಿ ನೀಲಿ ರಟ್ಟಿನ ಪ್ರಬಂಧ. ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಕೈ ಒರೆಸಿಕೊಂಡು ಬಂದು ಜಗುಲಿಯಲ್ಲಿ ಕೂತರು. ಅವಳು ನಾಲ್ಕನೇ ಅಧ್ಯಾಯದ ಒಂದು ಪುಟ ತೆರೆದು ಅವರ ತೊಡೆಯ ಮೇಲಿಟ್ಟಳು. ಒಂದು ಕಪ್ಪು ಗೆರೆ, ಅಲೆಯ ಹಾಗೆ ಎರಡು ಸಲ ಏರಿ ಎರಡು ಸಲ ಇಳಿದಿತ್ತು.

‘ಇದು ನೀವು ಒರೆಸಿದ್ದು ದೊಡ್ಡಪ್ಪ’ ಎಂದಳು.

ಅಪ್ಪನಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಅವರು ತೋರುಬೆರಳನ್ನು ಗೆರೆಯ ಎಡತುದಿಗೆ ಇಟ್ಟರು. ಏರು, ಇಳಿತ, ಮತ್ತೆ ಏರು, ಮತ್ತೆ ಇಳಿತ, ಬಲತುದಿಯವರೆಗೂ ಸವರಿಕೊಂಡು ಹೋದರು. ಅಲ್ಲಿ ಬೆರಳನ್ನು ಎತ್ತಿ, ಗಾಳಿಯಲ್ಲೇ ಹಿಂದಕ್ಕೆ ತಂದು, ಮತ್ತೆ ಎಡತುದಿಗೆ ಇಟ್ಟರು.